ಮಗುಚಿ ಕೊಟ್ಟ ವೀಳ್ಯ

ಕ್ಯಾಲಮ್‌ವೇಲ್, ಬ್ರಿಸ್ಬೇನ್
ಮೇ ೧೮, ಭಾನುವಾರ

ಹಂಸಾ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ಇದನ್ನು ಕಸದ ಬುಟ್ಟಿಗೆ ಎಸೆಯಬೇಡ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ನಿನ್ನ ಹೆತ್ತ ತಾಯಿಯ ನಂಬರನ್ನೂ ಮಾಡಿದ್ದೀಯ. ಈಮೇಲ್ ಹಾಕಿದರೆ ಉತ್ತರವಿಲ್ಲ. ಇನ್ನು ಉಳಿದದ್ದು ಅಂಚೆ. ಕನ್ನಡದಲ್ಲಿ ಇಷ್ಟುದ್ದ ಬರೆದು ಯಾವ ಕಾಲವಾಯಿತೋ ಏನೋ, ಮೊದಲ ಪುಟಕ್ಕೇ ಬೆರಳು ನೋಯುತ್ತಿದೆ. ನಾನು ಜಗಳಗಂಟಿ ಎಂದು ನೀನು ನನ್ನ ಮದುವೆಯ ದಿನವೇ ಅಂದಿದ್ದೆ. ಹೌದಮ್ಮ, ಅತ್ತಿಗೆ ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡೇ ಓದು. ಆದರೆ ಪೂರ್ತಿ ಓದು.

ಮೊದಲು ವಿಷಯ ಹೇಳಿಬಿಡುತ್ತೇನೆ. ಅತ್ತೆ ಇನ್ನು ಹೆಚ್ಚು ದಿನ ಇರುವುದಿಲ್ಲ. ಹೃದಯ ಸೋತಿದೆ, ಕಾಲು ಊದಿದೆ, ನಾಲ್ಕು ಮಾತಾಡಿದರೆ ಏದುಸಿರು. ವಾರಗಳ ಲೆಕ್ಕ ಅಂದಿದ್ದಾರೆ ಡಾಕ್ಟರು. ಅವರು ಹೇಳುವ ಮೊದಲೇ ಅತ್ತೆಗೆ ಗೊತ್ತಿತ್ತು. ಮೊಣಕಾಲಿನ ಕೆಳಗೆ ಹೆಬ್ಬೆರಳಿಂದ ಒತ್ತಿ, ಬಿದ್ದ ಗುಳಿ ಮೇಲೇಳದ್ದನ್ನು ನೋಡಿ, "ಇದು ಇಳಿಯೋ ನೀರಲ್ಲ ಕನವ್ವ" ಎಂದು ಸೀರೆ ಸರಿ ಮಾಡಿಕೊಂಡರು. ಈಗ ನರ್ಸು ಮನೆಗೇ ಬಂದು ನೋಡಿ ಹೋಗುತ್ತಾಳೆ. ಅವಳು ಬಂದಾಗಲೆಲ್ಲ ಅತ್ತೆ ಅವಳ ಕೊರಳಲ್ಲಿರುವ ಬ್ಯಾಡ್ಜ್ ಮುಟ್ಟಿ ನೋಡುತ್ತಾರೆ. ನನ್ನ ಮಗಳೂ ಇಂಥದೇ ಹಾಕ್ಕೋತಾಳೆ ಎಂದು ಕನ್ನಡದಲ್ಲೇ ಹೇಳುತ್ತಾರೆ. ಅವಳಿಗೆ ಒಂದಕ್ಷರ ಅರ್ಥವಾಗದಿದ್ದರೂ ತಲೆಯಾಡಿಸುತ್ತಾಳೆ.

ನಿನ್ನನ್ನು ಕರೆಸು ಎಂದು ಅವರು ಬಾಯಿಬಿಟ್ಟು ಹೇಳಿಲ್ಲ. ಗೇಟಿನ ಸದ್ದಾದರೆ ತಲೆ ಎತ್ತುತ್ತಾರೆ. ಬಂದದ್ದು ನಾನು ಎಂದು ಗೊತ್ತಾದರೆ ಮತ್ತೆ ದಿಂಬಿಗೆ ಒರಗುತ್ತಾರೆ. ನನಗಿದು ನೋಡಲಾಗುತ್ತಿಲ್ಲ. ಅದಕ್ಕೇ ನಾನೇ ಕರೆಯುತ್ತಿದ್ದೇನೆ.

ನೀನು ಬರುವುದಿಲ್ಲ ಎನ್ನುವುದಕ್ಕೆ ಕಾರಣ ನನಗೆ ಗೊತ್ತು. ಪರ್ತ್‌ನಲ್ಲಿ ನಿನ್ನಣ್ಣನ ದಹನ ಮುಗಿದು ಎಲ್ಲರೂ ಹೊರಗೆ ನಿಂತಿದ್ದಾಗ ನೀನು ಅತ್ತೆಯ ಎದುರು ಹೋಗಿ, "ನಿನ್ ಸೊಪ್ಪೇ ಅಣ್ಣನ್ನ ತಿಂದಾಕ್ತು. ಊರಲ್ಲಿ ಜನ ಸಾಯ್ಸಿದ್ದು ಸಾಲ್ದು ಅಂತ ಇಲ್ಲಿಗೂ ಬಂದ್ಬಿಟ್ಟೆ" ಅಂದೆ. ಕ್ಯಾನಿಂಗ್ಟನ್ನಿನ ನಮ್ಮ ಕನ್ನಡದವರೆಲ್ಲ ಕೇಳಿಸಿಕೊಂಡರು. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸುಮ್ಮನೆ ನಿಂತರು. ನಾನೂ ಸುಮ್ಮನಿದ್ದೆ, ಯಾಕೆಂದರೆ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ನೀನು ಅಂದೆ, ನಾನು ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ನನಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿತು. ನೀನು ಅವರನ್ನು ಅಡಿಲೇಡಿಗೆ ಕರೆದುಕೊಂಡು ಹೋಗುವುದಿಲ್ಲ ಅಂದೆ. ಬಿಟ್ಟು ಬರಲು ಜಾಗವಿಲ್ಲದೆ ನನ್ನ ಜೊತೆ ಕರೆತಂದೆ. ದೊಡ್ಡ ಮನಸ್ಸೇನಲ್ಲ. ತಿಂಗಳುಗಟ್ಟಲೆ ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಇವೆರಡು ಬಿಟ್ಟು ಅವರ ಹತ್ತಿರ ಮೂರನೆಯ ಮಾತು ಆಡಿದವಳಲ್ಲ ನಾನು.

ಈಗ ಹೇಳುವುದನ್ನು ನಿಧಾನವಾಗಿ ಓದು. ಹಂಸಾ, ನಿನ್ನಣ್ಣ ಲಿಂಗರಾಜ ನಿಮ್ಮವ್ವನ ನಾಟಿ ಔಷಧಿಯ ಸೊಪ್ಪನ್ನು ಒಂದು ದಿನವೂ ಕುಡಿದಿಲ್ಲ.

ನಂಬುವುದಿಲ್ಲ, ಅಲ್ಲವಾ? ನಾನೂ ನಂಬಿರಲಿಲ್ಲ. ಮೊದಲಿನಿಂದ ಹೇಳುತ್ತೇನೆ. ನಿಮ್ಮ ಮನೆಯ ಕಟ್ಟುಕಟ್ಟಲೆ ನಿನಗೆ ಗೊತ್ತೇ ಇದೆ, ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದವಳು, ಸೋಲಿಗರ ಹುಡುಗನನ್ನು ಮದುವೆಯಾದೆ ಎಂದು ಅಪ್ಪ ಇವತ್ತಿಗೂ ಮಾತು ಬಿಟ್ಟಿದ್ದಾನೆ. ನಾನು ಕಲಿತದ್ದೆಲ್ಲ ತಡವಾಗಿ. ಹಾಗಾಗಿ ನಿನಗೆ ಗೊತ್ತಿರುವುದನ್ನೇ ಹೇಳಿದರೂ ಕೇಳಿಸಿಕೋ.

ಅತ್ತೆ ಪರ್ತ್‌ಗೆ ಬಂದಿಳಿದ ದಿನ ಏರ್‌ಪೋರ್ಟಿನಲ್ಲಿ ವಾಸನೆ ಹಿಡಿಯುವ ನಾಯಿ ಅವರ ಚೀಲದ ಹತ್ತಿರ ಕೂತುಬಿಟ್ಟಿತು. ಒಳಗೆ ಒಣಗಿಸಿದ ಸೊಪ್ಪಿನ ಗಂಟು. ಆಫೀಸರ್ ಹೆಂಗಸು ಒಳ್ಳೆಯವಳೇ, ಇದು ಯಾವ ಗಿಡ, ಹೆಸರು ಹೇಳಿ, ನೋಡೋಣ ಎಂದು ಫೋನಿನಲ್ಲಿ ಮಾತಾಡಿಸಿದಳು. ನಾವು ಹೊರಗೆ ಕಾಯುತ್ತಿದ್ದೆವು. ಲಿಂಗ ಫೋನಿನಲ್ಲೇ ಗೋಗರೆದ, "ಅವ್ವಾ, ಹೆಸ್ರು ಯೋಳ್ಬುಡವ್ವ, ಬುಟ್ಬುಡ್ತಾರೆ." ಅತ್ತೆ, "ಅದ್ರ ಹೆಸ್ರ ಬಾಯಲ್ಲಿ ಆಡಂಗಿಲ್ಲ ಕನ್ಲಾ ಮಗಾ, ಎಸೀಲಿ ಬುಡು" ಅಂದರು. ಅವರೆದುರೇ ಗಂಟನ್ನು ಕಸದ ಡಬ್ಬಿಗೆ ಹಾಕಿದರಂತೆ. ಕಾರಿನಲ್ಲಿ ನಾವಿಬ್ಬರೂ ಇದನ್ನೇ ಹೇಳಿಕೊಂಡು ನಕ್ಕೆವು. ಅತ್ತೆಯೂ ನಕ್ಕರು. ನಿನಗೂ ಫೋನ್ ಮಾಡಿ ಹೇಳಿದ್ದೆ, ನೆನಪು ಮಾಡಿಕೋ.

ಈ ಡಬ್ಬಿಯ ಕಥೆ ಗೊತ್ತಿದ್ದೂ ನಮ್ಮಿಬ್ಬರಲ್ಲಿ ಒಬ್ಬರಿಗೂ ಆಮೇಲೆ ಹೊಳೆಯಲಿಲ್ಲ ನೋಡು.

ಹೋದ ಜುಲೈನಲ್ಲಿ ಲಿಂಗನ ಕಣ್ಣು ಹಳದಿಯಾಯಿತು. ನಾನು ಆಸ್ಪತ್ರೆ ಅಂದೆ. ಅವನು, "ಕಾಮಾಲೆಗೆ ಇಂಗ್ಲಿಷ್ ಔಷಧಿ ಎಲ್ಲಿದೆ? ಅವ್ವ ಇಲ್ಲೇ ಇದಾಳೆ, ಹದಿನೈದು ದಿನ ತಡಿ" ಅಂದ. ಕಾಮಾಲೆಗೆ ನಾಟಿಯೇ ಆಗಬೇಕು, ಡಾಕ್ಟರ ಹತ್ತಿರ ಏನೂ ಇಲ್ಲ ಎನ್ನುವುದನ್ನು ಕೇಳಿಕೊಂಡೇ ನಾನೂ ಬೆಳೆದದ್ದು. ನಮ್ಮಜ್ಜಿ ನಂಜನಗೂಡಿನ ಹತ್ತಿರ ಯಾರೋ ಕೊಡುತ್ತಾರೆಂದು ನನ್ನನ್ನೂ ಕರೆದೊಯ್ದಿದ್ದಳು. ಇಷ್ಟು ಓದಿ, ದಿನವಿಡೀ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ ಮಾಡಿಕೊಂಡು, ಮನೆಯೊಳಗೆ ನಾನು ಇದನ್ನು ನಂಬಿದೆ. ದಿನಾ ಬೆಳಿಗ್ಗೆ ಅತ್ತೆ ಹಸಿರು ರುಬ್ಬಿ ಮಜ್ಜಿಗೆಗೆ ಹಾಕಿ ಕೊಡುವುದು, ಅವನು ಗಟಗಟ ಕುಡಿಯುವುದು. ವೀಡಿಯೋ ಕಾಲಿನಲ್ಲಿ ನೀನು ಆ ಲೋಟ ನೋಡಿಯೇ ಅವರಿಬ್ಬರಿಗೂ ಬೈದದ್ದು.

ಇನ್ನು ಈ ಊರಿಗೆ ಬರುತ್ತೇನೆ. ಯುಗಾದಿ ಊಟದಲ್ಲಿ ಅತ್ತೆಯ ಪಕ್ಕ ಅನನ್ಯಾ ಎಂದು ದಾವಣಗೆರೆಯ ಹುಡುಗಿ ಕೂತಿದ್ದಳು, ಇಲ್ಲಿ ಓದುತ್ತಾ ಸರ್ವೋದಲ್ಲಿ, ಅದೇ ಪೆಟ್ರೋಲ್ ಬಂಕಿನಲ್ಲಿ, ಕೆಲಸ ಮಾಡುತ್ತಾಳೆ. ಏಪ್ರಿಲ್‌ನಲ್ಲಿ ಅವಳಿಗೂ ಕಣ್ಣು ಹಳದಿ. ಅವಳಮ್ಮ ಊರಿಂದಲೇ ವೀಳ್ಯ ತೆಗೆದುಕೊಂಡು ಆ ಅಜ್ಜಿಯ ಹತ್ತಿರ ಹೋಗು ಅಂದಿದ್ದಾರೆ. ಎರಡು ವೀಳ್ಯದೆಲೆ, ಒಂದು ಅಡಿಕೆ ಹಿಡಿದು ಬಂದಳು. "ಆಂಟಿ, ಮಧ್ಯಾಹ್ನ ಆರ್ವೋ ಶಿಫ್ಟ್ ಇದೆ, ಅಜ್ಜಿ ಬೇಗ ಕೊಟ್ಬಿಡ್ತಾರಾ?" ಅಂತ ನನ್ನನ್ನು ಕೇಳುತ್ತಾಳೆ. ನನಗೆ ಮೈಯೆಲ್ಲ ಬೆಂಕಿ. ಅತ್ತೆ ಅವಳ ಕಣ್ಣರೆಪ್ಪೆ ಎಳೆದು ನೋಡಿದರು, ಮೈ ಕೆರೆಯುತ್ತದೆಯಾ ಎಂದು ಕೇಳಿದರು, ಮಲ ಬೂದಿ ಬಣ್ಣವಲ್ಲ ತಾನೇ ಎಂದು ಮತ್ತೆ ಮತ್ತೆ ಕೇಳಿದರು. ಅಲ್ಲ ಎಂದ ಮೇಲೆ ವೀಳ್ಯ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ, ಆಮೇಲೆ ನನ್ನ ಔಷಧಿ ಎಂದು ಕಳಿಸಿದರು.

ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಬಟ್ಟೆ ಒಣಗಿಸುವ ಕಂಬದ ಆಚೆ, ಬೇಲಿಯ ಬುಡದಲ್ಲಿ ನೆಲದ ಮೇಲೆ ಕೂತು ಅಳುತ್ತಿದ್ದಾರೆ. ಮಾರ್ಚಿನ ಮಳೆಗೆ ಅಲ್ಲೆಲ್ಲ ಕಳೆ ಎದ್ದಿತ್ತು. ನನಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ಬಾಯಿಗೆ ಬಂದ ಹಾಗೆ ಅಂದೆ. ಮಗನಿಗೆ ಕುಡಿಸಿ ಕಳಿಸಿದ್ದು ಸಾಲದೆ ಈ ಹುಡುಗಿಗೂ ಕುಡಿಸುತ್ತೀರಾ ಎಂದೆ.

ಅತ್ತೆ ಕೈಯಲ್ಲಿದ್ದ ಗಿಡ ತೋರಿಸಿದರು. "ಇಲ್ಲಿ ಕಳೆ ಬೆಳ್ದಂಗೆ ಬೆಳ್ದದೆ ನೋಡವ್ವ. ಪರ್ತಲ್ಲಿ ಎಷ್ಟು ಹುಡುಕುದ್ರೂ ಒಂದು ಎಸಳು ಸಿಕ್ನಿಲ್ಲ."

ಸಿಗಲಿಲ್ಲ ಅಂದರೆ ಅವನಿಗೆ ಕುಡಿಸಿದ್ದೇನು ಎಂದು ಕೇಳಿದೆ. ಕೊತ್ತಂಬರಿ ಸೊಪ್ಪು ಅಂದರು. ಕ್ಯಾನಿಂಗ್ಟನ್ನಿನ ಇಂಡಿಯನ್ ಅಂಗಡಿಯಿಂದ ನಾನೇ ಸಾರಿಗೆಂದು ತಂದಿಡುತ್ತಿದ್ದ ಕೊತ್ತಂಬರಿ.

 ನಾನೂ ಆ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟೆ. ಆಮೇಲೆ ಅವರು ಒಂದೊಂದಾಗಿ ಹೇಳಿದರು.

ತಾಯಿ ಜೀವ ತಡೆಯದೆ ಹುಡುಕಿದರಷ್ಟೇ, ಸೊಪ್ಪು ಸಿಕ್ಕಿದ್ದರೂ ಅವರು ಕೊಡುವ ಹಾಗಿರಲಿಲ್ಲ. ಒಡಲಲ್ಲಿ ಹುಟ್ಟಿದವರಿಗೆ, ಒಡಹುಟ್ಟಿದವರಿಗೆ ಆ ಕೈಯಿಂದ ಔಷಧಿ ಕೊಡಬಾರದು ಎಂದು ನಿಮ್ಮಜ್ಜಿ ಹಾಕಿದ ಕಟ್ಟು. ಅದೂ ಅಲ್ಲದೆ, ಲಿಂಗನದು ಸೊಪ್ಪಿಗೆ ಬಗ್ಗುವ ಕಾಮಾಲೆಯಲ್ಲ ಎಂದು ಅವರಿಗೆ ಮೊದಲ ವಾರವೇ ಗೊತ್ತಾಗಿತ್ತು. ಅವನು ನಾನು ಆಫೀಸಿಗೆ ಹೋದ ಹೊತ್ತಿನಲ್ಲಿ ತಮಾಷೆಗೆಂಬಂತೆ ಎರಡು ಎಲೆ, ಅಡಿಕೆ ತಂದು ಅವ್ವನ ಮುಂದಿಟ್ಟನಂತೆ. ನಿಮ್ಮವ್ವ ಒಪ್ಪಿದರೆ ವೀಳ್ಯ ಸೊಂಟಕ್ಕೆ ಹೋಗುತ್ತದೆ. ತನ್ನ ಕೈ ಮೀರಿದ್ದಾದರೆ ಎಲೆಯನ್ನು ಮಗುಚಿ, ಬೆನ್ನು ಮೇಲಾಗಿ ವಾಪಸು ಕೊಡುತ್ತಾರೆ, ಬಾಯಿಂದ ಏನೂ ಹೇಳುವುದಿಲ್ಲ. ಊರಿನಲ್ಲಿ ನಿಮ್ಮ ಸೋಲಿಗರ ಪೋಡಿನ ಮಕ್ಕಳಿಗೂ ಅದರ ಅರ್ಥ ಗೊತ್ತು, ದೊಡ್ಡಾಸ್ಪತ್ರೆಗೆ ಹೊರಡು ಎಂದು. ಮಗನಿಗೂ ಹಾಗೇ ಮಗುಚಿ ಕೊಟ್ಟರು. ಅವನು ಅದನ್ನು ನೋಡಿ ನಕ್ಕು, ಎಲೆ ಮಡಚಿ ಬಾಯಿಗೆ ಹಾಕಿಕೊಂಡು ಅಗಿದನಂತೆ. ಸೋಲಿಗರವನಾಗಿ ಹುಟ್ಟಿ ಆ ವೀಳ್ಯ ತಿಂದವನು ಇವನೊಬ್ಬನೇ ಇರಬೇಕು. ಈಗ ಯಾರಿಗೂ ಗೊತ್ತಾಗುವ ಹಾಗಿಲ್ಲವಲ್ಲ ಅವ್ವ, ಹೊಟ್ಟೆಗೆ ಹೋಯ್ತು ಎಂದನಂತೆ.

ಯಾಕೆ ಗೊತ್ತಾ? ವೀಸಾ. ನಮ್ಮ ಕಾಯಂ ವೀಸಾಗೆ ಆರೋಗ್ಯ ತಪಾಸಣೆ ಮುಗಿದಿತ್ತು, ಮಂಜೂರಾತಿ ಬರುವುದು ಬಾಕಿ ಇತ್ತು. ಈಗ ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ, ದೊಡ್ಡ ಕಾಯಿಲೆ ಎಂದಾದರೆ, ಎಲ್ಲ ಕೈತಪ್ಪಿ ಹೋಗುತ್ತದೆ ಎಂದು ಅವನ ತಲೆಯಲ್ಲಿ ಕೂತಿತ್ತು. ನಿಜವೋ ಸುಳ್ಳೋ ಯಾರನ್ನೂ ಕೇಳಲಿಲ್ಲ, ಕೇಳಿದರೂ ಸಿಕ್ಕಿಬೀಳುತ್ತೇನೆ ಎಂದು ಹೆದರಿಕೆ. "ಮಧುರಾಗೆ ಯೋಳ್ಬ್ಯಾಡ, ಎಳ್ಕಂಡೋಯ್ತಾಳೆ. ಹಂಸಾಗಂತೂ ಯೋಳ್ಲೇಬ್ಯಾಡ. ನೀನೇ ಔಸ್ದಿ ಕೊಡ್ತಿದ್ದೀಯ ಅನ್ನು" ಎಂದು ಅವ್ವನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡನಂತೆ. ಮಗನ ತಲೆಯ ಮೇಲೆ ಇಟ್ಟ ಕೈಯನ್ನು ಅವರು ಹೇಗೆ ತೆಗೆಯುತ್ತಾರೆ ಹೇಳು.

ಎಳೆದುಕೊಂಡು ಹೋಗುತ್ತಿದ್ದೆ, ಹೌದು. ಕತ್ತಿನ ಪಟ್ಟಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದೆ. ಅವನು ಈಗ ಎದುರಿಗೆ ಬಂದರೆ ಕಪಾಳಕ್ಕೆ ಬಾರಿಸಿ ಆಮೇಲೆ ಅಳುತ್ತೇನೆ.

ಸೆಪ್ಟೆಂಬರಿನಲ್ಲಿ ಮಂಜೂರಾತಿಯ ಈಮೇಲ್ ಬಂತು. ಗಟ್ಟಿಯಾಗಿ ಓದಿ ಹೇಳಿದ, ಪಾಯಸ ಮಾಡಿಸಿದ, ಒಂದು ಚಮಚ ತಿನ್ನಲಾಗಲಿಲ್ಲ. ಮಾರನೆಯ ಬೆಳಿಗ್ಗೆ ತಾನಾಗಿಯೇ ಬಟ್ಟೆ ತುಂಬಿದ ಚೀಲ ಹಿಡಿದು, ನಡಿ, ಆಸ್ಪತ್ರೆಗೆ ಹೋಗಿಬರೋಣ ಎಂದ. ಅಷ್ಟು ದಿನ ಹಟ ಹಿಡಿದವನು ಇವತ್ತು ಹೇಗೆ ಒಪ್ಪಿದ ಎಂದು ನನಗೆ ಅನುಮಾನ ಕೂಡ ಬರಲಿಲ್ಲ, ಖುಷಿಯಾಯಿತು. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್, ಆಗಲೇ ಹರಡಿದೆ ಅಂದರು. ಉಳಿದದ್ದನ್ನು ನೀನೇ ಬಂದು ನೋಡಿದ್ದೀಯ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದನಾ ಎಂದು ಸರ್ಜನ್ನನ್ನು ಕೇಳಿದ್ದೆ. ಹೇಳಲು ಆಗುವುದಿಲ್ಲ ಎಂದು ಬೇರೆ ಕಡೆ ನೋಡಿದರು.

ಈ ದೇಶದಲ್ಲಿ ನಾನಿರುವುದು ಆ ವೀಸಾದ ಮೇಲೆ, ಹಂಸಾ. ಅದನ್ನು ತಿಳಿದುಕೊಂಡೇ ಈಗ ದಿನಾ ಬೆಳಿಗ್ಗೆ ಬಸ್ಸು ಹತ್ತುತ್ತೇನೆ.

ಆ ದಿನ ಅಷ್ಟು ಜನರ ಎದುರು ಹಂಸಾ ಹಾಗೆ ಅಂದಾಗ ಯಾಕೆ ಹೇಳಲಿಲ್ಲ ಎಂದು ಅತ್ತೆಯನ್ನು ಕೇಳಿದೆ. "ಸತ್ತ ಮಗನ ಮ್ಯಾಲೆ ತಪ್ಪು ಹೊರಿಸ್ಲಾ?" ಅಂದರು. ಇನ್ನೊಂದು ಕಾರಣವೂ ಇದೆ. ಅದನ್ನು ಬರೆಯಬೇಡ ಎಂದು ಮಾತು ತೆಗೆದುಕೊಂಡಿದ್ದಾರೆ, ಬಿಡು.

ಅನನ್ಯಾಳ ರಕ್ತ ಪರೀಕ್ಷೆಯಲ್ಲಿ ಸಾಧಾರಣ ಕಾಮಾಲೆಯೇ ಎಂದು ಬಂತು. ಡಾಕ್ಟರು ವಿಶ್ರಾಂತಿ ಎಂದರು, ಶಿಫ್ಟ್ ಬಿಡಿಸಿದರು. ಅತ್ತೆ ಮೂರು ಬೆಳಿಗ್ಗೆ ಸೊಪ್ಪು ಕೊಟ್ಟರು. ಹೊತ್ತು ಹುಟ್ಟುವ ಮುಂಚೆ, ತಮ್ಮ ನೆರಳು ಗಿಡದ ಮೇಲೆ ಬೀಳದ ಹಾಗೆ ನಿಂತು, ಇಂಥವಳಿಗಾಗಿ ನಿನ್ನನ್ನು ಕೀಳುತ್ತೇನೆ ಎಂದು ಗಿಡಕ್ಕೆ ಹೇಳಿ ಕಿತ್ತರು. ಆಗಲೇ ಬಗ್ಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ನಾನು ಸೊಂಟ ಹಿಡಿದುಕೊಂಡಿದ್ದೆ. ಹುಡುಗಿ ಚೇತರಿಸಿಕೊಂಡಳು. ಸೊಪ್ಪಿನಿಂದಲೋ ತಾನಾಗಿಯೋ ನನಗೆ ಗೊತ್ತಿಲ್ಲ, ನೀನು ಏನು ಹೇಳುತ್ತೀಯ ಎಂದು ಗೊತ್ತು. ಸಂಭಾವನೆ ಎಂದು ಏನೋ ಕೊಡಲು ಬಂದಳು, ಅತ್ತೆ ಗದರಿ ಕಳಿಸಿದರು. ಅವರ ಕೊನೆಯ ರೋಗಿ ಅವಳೇ.

ಆ ಸೊಪ್ಪಿನ ಹೆಸರು, ಅಳತೆ, ಪಥ್ಯ ಇನ್ನೂ ಅವರ ಬಾಯಲ್ಲೇ ಇದೆ. ಒಬ್ಬರ ಕಿವಿಗೆ ಒಂದು ಸಲ ಹೇಳಬೇಕು, ಹೇಳಿದ ಮೇಲೆ ಹೇಳಿದವರ ಕೈಗುಣ ಹೋಗುತ್ತದೆ. ಫೋನಿನಲ್ಲಿ ಆಗುವುದಿಲ್ಲ. ಹೋದ ವಾರ ನಾಚಿಕೆ ಬಿಟ್ಟು ನಾನೇ ಕೇಳಿದೆ, ನನಗೆ ಕೊಡಿ ಅತ್ತೆ ಎಂದು. ನನ್ನ ಕೆನ್ನೆ ಸವರಿ, ಕೇಳಿದೆಯಲ್ಲ, ಅಷ್ಟೇ ಸಾಕು ಎಂದರು. "ಚಿಕ್ಕುಡುಗೀಲಿ ಚಳೀಲಿ ಎದ್ದು ನನ್ನಿಂದೆ ಕಾಡ್ಗೆ ಬತ್ತಿದ್ದೋಳು ಅವ್ಳು. ಅವ್ಳಿಗೆ ಬ್ಯಾಡ ಅಂದ್ರೆ ನನ್ ಜೊತೇಲೇ ಓಗ್ಲಿ." ಬೇಸರದಿಂದ ಹೇಳಲಿಲ್ಲ, ಸುಮ್ಮನೆ ಹೇಳಿದರು.

ನಿನಗೆ ಅದರಲ್ಲಿ ನಂಬಿಕೆ ಇಲ್ಲದಿದ್ದರೆ ಬೇಡ. ಕೇಳಿಸಿಕೊಂಡು ಮರೆತುಬಿಡು. ಅವ್ವ ನನ್ನ ಓದಿಗೆ ಒಂದು ದಿನವೂ ಬೆಲೆ ಕೊಡಲಿಲ್ಲ, ನರ್ಸ್ ಆದಮೇಲೂ ನನ್ನ ಮಾತು ಕೇಳಲಿಲ್ಲ ಎಂದು ನೀನು ನಮ್ಮ ಕ್ಯಾನಿಂಗ್ಟನ್ ಮನೆಯ ಅಡುಗೆಕೋಣೆಯಲ್ಲಿ ಅತ್ತದ್ದು ನನಗೆ ನೆನಪಿದೆ. ಆ ಸಿಟ್ಟೂ ಇಟ್ಟುಕೊಂಡೇ ಬಾ. ಬೆಡ್‌ಫರ್ಡ್ ಪಾರ್ಕಿನ ಅಷ್ಟು ದೊಡ್ಡ ಆಸ್ಪತ್ರೆ ನೀನಿಲ್ಲದೆ ಒಂದು ವಾರ ನಡೆಯುತ್ತದೆ. ಅಡಿಲೇಡಿಂದ ನೇರ ವಿಮಾನವಿದೆ, ಏರ್‌ಪೋರ್ಟಿಗೆ ನಾನು ಬರುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ನಡೆಯುತ್ತದೆ. ಗೇಟು ಮಾತ್ರ ನೀನು ತೆಗೆ, ಆ ಸದ್ದು ಅವರಿಗೆ ಕೇಳಲಿ.

ಬರುತ್ತೀಯ ಎಂದು ನಿನಗೊಂದು ಕೋಣೆ ಒರೆಸಿಟ್ಟಿದ್ದೇನೆ.

ನಿನ್ನ ಜಗಳಗಂಟಿ ಅತ್ತಿಗೆ,
ಮಧುರಾ

ಮರೆತ ಮಾತಲ್ಲ, ಬರೆಯುವುದಿಲ್ಲ ಎಂದು ಮಾತು ಕೊಟ್ಟದ್ದು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಹೋದ ಆಗಸ್ಟಿನಲ್ಲಿ ಅತ್ತೆ ಒಮ್ಮೆ ನಿನಗೆ ಫೋನ್ ಮಾಡಿದ್ದರಂತೆ, ನೀನು ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆಯಂತೆ. ಯಾರೋ ಒಬ್ಬರಿಗೆ ಕಣ್ಣು ಹಳದಿ, ಮೈಯೆಲ್ಲ ಕೆರೆತ, ಮಲ ಬೂದಿ ಬಣ್ಣ, ನಿಮ್ಮ ಆಸ್ಪತ್ರೆಯಲ್ಲಾದರೆ ಏನು ಮಾಡುತ್ತೀರಿ ಎಂದು ಕೇಳಿದರಂತೆ. ನೀನು, ಅಲ್ಲೂ ಶುರು ಹಚ್ಚಿಕೊಂಡೆಯಾ ಅವ್ವ, ಅದು ನಿನ್ನ ಸೊಪ್ಪಿನ ಕೆಲಸ ಅಲ್ಲ, ಇವತ್ತೇ ಆಸ್ಪತ್ರೆಗೆ ಕಳಿಸು ಎಂದು ಫೋನ್ ಇಟ್ಟೆಯಂತೆ. ಮಗನಿಗೆ ಕೊಟ್ಟ ಮಾತನ್ನು ಮುರಿಯದೆ ಅವರು ಕೇಳಬಹುದಾಗಿದ್ದುದು ಅಷ್ಟೇ. ಯಾರಿಗೆ ಎಂದು ಯಾಕೆ ಕೇಳಲಿಲ್ಲ ಎಂದು ಒಂದು ದಿನ ನೀನು ತಲೆ ಚಚ್ಚಿಕೊಳ್ಳುತ್ತೀಯ ಎಂದು ಅವರಿಗೆ ಭಯ. "ನನ್ ಮ್ಯಾಲೆ ಸಿಟ್ಟಿರೋಗಂಟ ಅವ್ಳಿಗೆ ಅದು ಗ್ಯಾನಕ್ಕೆ ಬರಾಕಿಲ್ಲ. ಸಿಟ್ಟೇ ಇರ್ಲಿ ಬುಡವ್ವ" ಅಂದರು. ನಾನು ಬಿಡುತ್ತಿಲ್ಲ. ನೀನು ಹೇಳಿದ್ದು ಸರಿಯಾಗಿತ್ತು ಹಂಸಾ, ಅದನ್ನು ಅವರು ಮಗನಿಗೆ ಮುಟ್ಟಿಸಿದ್ದೂ ನಿಜ. ನೀನು ಫೋನ್ ಇಟ್ಟ ಮೇಲೆ ಲಿಂಗನ ಮಂಚದ ಹತ್ತಿರ ಹೋಗಿ ಅವರು ಅಂದದ್ದನ್ನು ಅವರ ಬಾಯಿಂದ ಕೇಳಿ ಹಾಗೇ ಬರೆಯುತ್ತಿದ್ದೇನೆ: "ಆಸ್ಪತ್ರೆಗೆ ಓಗ್ಬೇಕಂತೆ ಕನ್ಲಾ, ಹಂಸಾ ಯೋಳುದ್ಲು. ಅವ್ಳ್ ಮಾತ ಕೇಳು ಮಗಾ, ಅವ್ಳಿಗೆ ನನ್ಗಿಂತ ಚೆಂದಾಗ್ ಗೊತ್ತು."